ಫೈಲ್ ಹೋಯಿತು, ಫಂಕ್ಷನ್ ಹೋಗಲಿಲ್ಲ

ಮಾರ್ಚ್ ಕೊನೆಯ ವಾರ ಬಂತೆಂದರೆ ಲೆಕ್ಕಿಗರ ಕರೆಗಳು ಶುರುವಾಗುತ್ತವೆ. ದೂರು ಒಂದೇ: ವೋಚರ್‌ನಲ್ಲಿ ಮೊತ್ತ ಅಕ್ಷರಗಳಲ್ಲಿ ಬರಬೇಕಾದ ಕಡೆ ಎಕ್ಸೆಲ್ ‘ನೇಮ್’, ಅಂದರೆ ‘ಈ ಹೆಸರು ನನಗೆ ಗೊತ್ತಿಲ್ಲ’ ಎಂಬ ದೋಷ ತೋರಿಸುತ್ತಿದೆ. ಥಾಯ್ಲೆಂಡಿನ ಬಾತ್‌ಗೆ ಎಕ್ಸೆಲ್‌ನಲ್ಲೇ ಅಂಕಿಯನ್ನು ಅಕ್ಷರವಾಗಿಸುವ ಫಂಕ್ಷನ್ (ಹೆಸರಿಟ್ಟ ಸಿದ್ಧ ಸೂತ್ರ) ಇದೆ, ನಮ್ಮ ರೂಪಾಯಿಗೆ ಇಲ್ಲ. ಮೈಕ್ರೋಸಾಫ್ಟ್ ಕೊಡುವ ಮಾದರಿ ಕೋಡ್ ಡಾಲರ್, ಮಿಲಿಯನ್ ಎನ್ನುತ್ತದೆ. ಹಾಗಾಗಿ ಲಕ್ಷ, ಕೋಟಿಗೆ ತಿದ್ದಿದ, ಎಕ್ಸೆಲ್‌ನೊಳಗೇ ಬರೆಯುವ ವಿಬಿಎ ಭಾಷೆಯ ಕೋಡ್ ಕಚೇರಿಯಿಂದ ಕಚೇರಿಗೆ ಕೈ ಬದಲಾಯಿಸುತ್ತಿರುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದು: ಸೆಲ್‌ನಲ್ಲಿ ಇರುವುದು ಫಂಕ್ಷನ್ನಿನ ಹೆಸರು ಮಾತ್ರ. ಕೋಡ್ ಬೇರೆಡೆ, ಯಾವುದೋ ಒಂದು ಫೈಲ್‌ನ ಮಾಡ್ಯೂಲ್ ಎಂಬ ಕೋಡ್ ಪುಟದಲ್ಲಿ ಕುಳಿತಿರುತ್ತದೆ. ಲಗ್ನಪತ್ರಿಕೆಯಲ್ಲಿ ಪುರೋಹಿತರ ಹೆಸರು ಅಚ್ಚಾದ ಮಾತ್ರಕ್ಕೆ ಪುರೋಹಿತರು ಮಂಟಪಕ್ಕೆ ಬಂದಂತಾಗುವುದಿಲ್ಲ. ನೀವು ಪರ್ಸನಲ್ ವರ್ಕ್‌ಬುಕ್‌ನಲ್ಲಿ (ನಿಮ್ಮ ಎಕ್ಸೆಲ್ ಪ್ರತಿ ಸಲ ತಾನೇ ತೆರೆದುಕೊಳ್ಳುವ ಮರೆಯ ಫೈಲ್‌ನಲ್ಲಿ) ಬರೆದಿಟ್ಟ ಫಂಕ್ಷನ್ ನಿಮ್ಮ ಕಂಪ್ಯೂಟರಿನಲ್ಲಷ್ಟೇ ಇದೆ. ಅನುಮಾನವಿದ್ದರೆ ಶಿಫ್ಟ್ ಮತ್ತು ಎಫ್3 ಒತ್ತಿ ‘ಯೂಸರ್ ಡಿಫೈನ್ಡ್’ ವಿಭಾಗ ನೋಡಿ. ಹೆಸರಿನ ಹಿಂದೆ ಬೇರೊಂದು ಫೈಲ್‌ನ ಹೆಸರು ಅಂಟಿಕೊಂಡಿದ್ದರೆ ಕೋಡ್ ಇರುವುದು ಅಲ್ಲಿ, ನಿಮ್ಮ ಫೈಲ್‌ನಲ್ಲಿ ಅಲ್ಲ.

ಸಹಕಾರ ಸಂಘವೊಂದರ ಹಿರಿಯ ಲೆಕ್ಕಿಗರು, ಪೈಸೆ ತಪ್ಪದ ಮನುಷ್ಯ, ನನ್ನ ಮೇಲೆಯೇ ಸಿಟ್ಟಾದರು. “ಆಡಿಟರ್ ತೆರೆದಾಗ ಸರಿಯಾಗಿಯೇ ಇತ್ತಂತೆ ಸರ್, ಆಮೇಲೆ ಕೆಟ್ಟಿದೆ!” ಕೆಟ್ಟದ್ದೇನೂ ಇಲ್ಲ. ಫೈಲ್ ಉಳಿಸಿದಾಗ ಕೊನೆಯ ಉತ್ತರವೂ ಉಳಿದಿರುತ್ತದೆ, ತೆರೆದೊಡನೆ ಕಾಣುವುದು ಅದೇ. ಆಡಿಟರ್ ಎಡಿಟ್ ಮಾಡಲು ಹೊರಟು ಮೊತ್ತ ಬದಲಿಸಿದಾಗ ಎಕ್ಸೆಲ್ ಫಂಕ್ಷನ್ನನ್ನು ಕರೆಯಿತು. ಅಲ್ಲಿ ಯಾರೂ ಇರಲಿಲ್ಲ.

ಹಾಗಾದರೆ ಕೋಡನ್ನು ಅದೇ ವೋಚರ್ ಫೈಲ್‌ಗೆ ಹಾಕಿ. ಆಲ್ಟ್ ಮತ್ತು ಎಫ್11 ಒತ್ತಿ, ಇನ್ಸರ್ಟ್ ಮೆನುವಿನಿಂದ ಮಾಡ್ಯೂಲ್ ಸೇರಿಸಿ ಅದರಲ್ಲಿ ಅಂಟಿಸಿ. ಹಾಳೆಯದೇ ಕೋಡ್ ಪುಟದಲ್ಲಿ ಬರೆದರೆ ಸೆಲ್‌ಗಳಿಗೆ ಅದು ಕಾಣುವುದಿಲ್ಲ. ಉಳಿಸುವಾಗ ಕೋಡನ್ನೂ ಇಟ್ಟುಕೊಳ್ಳುವ ಎಕ್ಸ್‌ಎಲ್‌ಎಸ್‌ಎಮ್ ಬಗೆಯ ಫೈಲ್ ಆಗಿ ಉಳಿಸಿ. ಎಕ್ಸ್‌ಎಲ್‌ಎಸ್‌ಎಕ್ಸ್ ಆರಿಸಿದರೆ ‘ಕೋಡ್ ಉಳಿಯುವುದಿಲ್ಲ, ಮುಂದುವರಿಯಲೇ?’ ಎಂದು ಎಕ್ಸೆಲ್ ಸ್ಪಷ್ಟವಾಗಿ ಕೇಳುತ್ತದೆ. ಓದದೆ ‘ಯಸ್’ ಒತ್ತುವವರಿಗೆ ನನ್ನ ಬಳಿ ಔಷಧವಿಲ್ಲ. ಅಂದ ಹಾಗೆ, ಫಂಕ್ಷನ್ನಿಗೆ ‘ಜಿಎಸ್‌ಟಿ18’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಬೇಡಿ. 2007ರಿಂದೀಚಿನ ಎಕ್ಸೆಲ್‌ನಲ್ಲಿ ಅದೊಂದು ಸೆಲ್‌ನ ವಿಳಾಸ.

ಇಷ್ಟೆಲ್ಲ ಮಾಡಿದರೂ ಆ ತುದಿಯಲ್ಲಿ ನಡೆಯುತ್ತದೆಂದು ಭರವಸೆ ಕೊಡಲಾರೆ. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು, ಅಂದರೆ ಇಂಥ ವಿಬಿಎ ಕೋಡನ್ನು, ತಾನಾಗಿಯೇ ತಡೆಯತೊಡಗಿದೆ, ಮತ್ತು ಅಪರಿಚಿತರ ಫೈಲ್‌ಗೆ ಆ ತಡೆ ತೆಗೆಯಿರಿ ಎಂದು ನಾನಂತೂ ಹೇಳುವುದಿಲ್ಲ. ಆಡಿಟರ್‌ಗೆ ನೋಡಲಷ್ಟೇ ಬೇಕಿದ್ದರೆ ಒಂದು ಪ್ರತಿ ತೆಗೆದು, ಆ ಸೆಲ್‌ಗಳನ್ನು ಕಾಪಿ ಮಾಡಿ ಅಲ್ಲೇ, ಸೂತ್ರ ಬಿಟ್ಟು ಉತ್ತರವನ್ನಷ್ಟೇ ಅಂಟಿಸುವ ‘ಪೇಸ್ಟ್ ವ್ಯಾಲ್ಯೂಸ್’ ಕೊಟ್ಟು ಆ ಪ್ರತಿಯನ್ನೇ ಕಳುಹಿಸಿ.