ಗುಂಡಿ ಮುಚ್ಚಲು ಬಂದ ಲಾರಿ

ಈಚೆಗೆ ನಮ್ಮ ಲ್ಯಾಬಿನ ಹುಡುಗನೊಬ್ಬ ಮುಖ ಅರಳಿಸಿಕೊಂಡು ಒಂದು ಪಟ್ಟಿ ತಂದ. ಹರಿದ ಡಿಎನ್ಎ ರಿಪೇರಿಗೆ ನೆರವಾಗುವ ಪಾರ್ಪ್1 ಕಿಣ್ವವನ್ನು ತಡೆಯುವ, ಕ್ಯಾನ್ಸರ್ ಔಷಧವಾಗಬಹುದಾದ ಹನ್ನೊಂದು ಅಣುಗಳು. ಹನ್ನೊಂದರ ಐಸಿ50 (ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಅಣುವಿನ ಸಾಂದ್ರತೆ; ಕಡಿಮೆ ಇದ್ದಷ್ಟೂ ಅಣು ಜೋರು) ಕೂಡ 2.5ರಿಂದ 3 ನ್ಯಾನೋಮೋಲಾರ್ ಒಳಗೇ. "ಎಲ್ಲವೂ ಒಂದೇ ಸಮ ಚೆನ್ನಾಗಿವೆ ಸರ್, ಯಾವುದನ್ನು ಮುಂದಕ್ಕೆ ತಗೊಳ್ಳೋಣ?" ಅಂದ.

"ಪರೀಕ್ಷೆ ತಟ್ಟೆಯ ಕುಳಿಯಲ್ಲಿ ಕಿಣ್ವ ಎಷ್ಟಿತ್ತು?"

"5 ನ್ಯಾನೋಮೋಲಾರ್ ಸರ್."

ಅಲ್ಲಿಗೆ ಕಥೆ ಮುಗಿಯಿತು. ಒಂದು ಕಿಣ್ವಕ್ಕೆ ಒಂದು ಅಣು ಅಂಟಬೇಕು. ಅರ್ಧ ಕಿಣ್ವ ಕಟ್ಟಿಹಾಕಲು ಅಷ್ಟೇ ಅಣುಗಳಾದರೂ ಬೇಕು, ಅಲ್ವಾ? ಐದರಲ್ಲಿ ಅರ್ಧ ಎರಡೂವರೆ. ಅಣು ಎಷ್ಟೇ ಗಟ್ಟಿಯಾಗಿ ಅಂಟಲಿ, ಆ ಪರೀಕ್ಷೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪಟ್ಟಿಯಲ್ಲಿ ಹನ್ನೊಂದು ಸಲ ಕಾಣುತ್ತಿದ್ದದ್ದು ಅವನೇ ಸುರಿದ ಕಿಣ್ವದ ಅಳತೆ.

ಇದಾದರೂ ತಿದ್ದಿಕೊಳ್ಳಬಹುದಾದ ತಪ್ಪು. ನನಗೆ ತಲೆ ಬಿಸಿಯಾಗುವುದು ಇನ್ನೊಂದಕ್ಕೆ. "ಕಿಣ್ವ ಬಂದ್ ಆದರೆ ಕ್ಯಾನ್ಸರ್ ಕೋಶ ಸಾಯುತ್ತದೆ, ಹಾಗಾಗಿ ಜಾಸ್ತಿ ತಡೆದಷ್ಟೂ ಒಳ್ಳೆಯ ಔಷಧ." ಪ್ರತಿ ಮೀಟಿಂಗಿನಲ್ಲೂ ಯಾರೋ ಒಬ್ಬರು ಇದನ್ನೇ ಹೇಳುತ್ತಾರೆ.

ಸ್ವಲ್ಪ ಯೋಚಿಸಿ. ಪಾರ್ಪ್1 ಜೀನ್ ಪೂರ್ತಿ ತೆಗೆದ ಇಲಿಗಳು ಬದುಕುತ್ತವೆ. ಅಷ್ಟೇ ಅಲ್ಲ, ಪಾರ್ಪ್1 ಇಲ್ಲದ ಕೋಶಗಳಿಗೆ ಈ ಔಷಧಗಳು ಅಷ್ಟಾಗಿ ನಾಟುವುದೂ ಇಲ್ಲ. ಅಂದರೆ ಔಷಧ ಕೆಲಸ ಮಾಡಬೇಕಾದರೆ ಆ ಪ್ರೋಟೀನ್ ಕೋಶದಲ್ಲಿ ಇರಲೇಬೇಕು.

ಡಿಎನ್ಎಯ ಒಂದು ಎಳೆ ಹರಿದ ಕಡೆ ಪಾರ್ಪ್1 ಬಂದು ಕೂರುತ್ತದೆ. ಕೋಶದಲ್ಲಿರುವ ಎನ್ಎಡಿ ಎಂಬ ಸಣ್ಣ ಅಣುವನ್ನು ಬಳಸಿ ತನ್ನ ಮೈಮೇಲೇ ಉದ್ದುದ್ದ ಸರಪಳಿ ಕಟ್ಟಿಕೊಳ್ಳುತ್ತದೆ. ಸರಪಳಿಯದ್ದು ಋಣ ವಿದ್ಯುದಂಶ, ಡಿಎನ್ಎಯದ್ದೂ ಅದೇ. ಒಂದನ್ನೊಂದು ತಳ್ಳಿ ಪಾರ್ಪ್1 ಜಾಗ ಬಿಡುತ್ತದೆ. ನಮ್ಮ ಅಣು ಎನ್ಎಡಿಯ ಜಾಗದಲ್ಲಿ ಕೂತರೆ ಸರಪಳಿ ಬೆಳೆಯುವುದಿಲ್ಲ, ಪಾರ್ಪ್1 ಏಳುವುದಿಲ್ಲ. ಗುಂಡಿ ಮುಚ್ಚಲು ಬಂದ ಲಾರಿ ರಸ್ತೆ ಮಧ್ಯೆಯೇ ಕೆಟ್ಟು ನಿಂತ ಹಾಗೆ. ಡಿಎನ್ಎ ನಕಲು ಮಾಡುವ ಯಂತ್ರ ಬಂದು ಅದಕ್ಕೆ ಗುದ್ದುತ್ತದೆ, ಎರಡೂ ಎಳೆ ತುಂಡಾಗುತ್ತವೆ. ಇಂಥ ತುಂಡು ಜೋಡಿಸಲು ಬೇಕಾದ ಬಿಆರ್‌ಸಿಎ ಜೀನ್ ಸರಿಯಿರುವ ಕೋಶ ಅದನ್ನು ಹೇಗೋ ಜೋಡಿಸಿಕೊಳ್ಳುತ್ತದೆ. ಇಲ್ಲದ್ದು ಸಾಯುತ್ತದೆ.

ಈಗ ಪಾರ್ಪ್ ತಡೆಯುವ ಔಷಧಗಳಲ್ಲಿ ಒಂದಾದ ವೆಲಿಪರಿಬ್ ನೋಡಿ. ಕಿಣ್ವವನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಲಾರಿ ನಿಲ್ಲಿಸುವುದರಲ್ಲಿ ಸಪ್ಪೆ. ಅದೇ ಬಗೆಯ ಇನ್ನೆರಡು ಔಷಧಗಳಲ್ಲಿ, ತಲಜೋಪರಿಬ್ ಆ ಕೆಲಸದಲ್ಲಿ ಒಲಾಪರಿಬ್‌ಗಿಂತ ಸುಮಾರು 100 ಪಟ್ಟು ಜೋರು. ಬರೀ ಐಸಿ50 ನೋಡಿದರೆ ಈ ಅಂತರ ಗೊತ್ತೇ ಆಗುವುದಿಲ್ಲ.

ಹಾಗಂತ ಲಾರಿ ಗಟ್ಟಿಯಾಗಿ ನಿಂತಷ್ಟೂ ಒಳ್ಳೆಯದು ಅಂತಲೂ ಓಡಬೇಡಿ. ಮೂಳೆಮಜ್ಜೆಯ ಕೋಶಗಳೂ ಸದಾ ಡಿಎನ್ಎ ನಕಲು ಮಾಡುತ್ತಲೇ ಇರುತ್ತವೆ, ಪೆಟ್ಟು ಅವಕ್ಕೂ ಬೀಳುತ್ತದೆ. ಒಲಾಪರಿಬ್ ಮಾತ್ರೆ ಸಾಮಾನ್ಯವಾಗಿ 300 ಮಿಲಿಗ್ರಾಂ, ದಿನಕ್ಕೆರಡು ಬಾರಿ. ತಲಜೋಪರಿಬ್ ಒಂದನ್ನೇ ಕೊಡುವಾಗ ದಿನಕ್ಕೆ 1 ಮಿಲಿಗ್ರಾಂ. ಅಷ್ಟು ಜೋರಿನ ಔಷಧವನ್ನು ಮೈ ತಡೆದುಕೊಳ್ಳುವುದೂ ಅಷ್ಟರಲ್ಲೇ. ಕೋಶ ಸಾಯುವುದಕ್ಕೆ ಇದೊಂದೇ ಕಾರಣ ಅಂತಲೂ ನಾನು ಹೇಳುತ್ತಿಲ್ಲ, ಅದರ ಚರ್ಚೆ ಇನ್ನೂ ನಡೆದೇ ಇದೆ.

ಹುಡುಗನನ್ನು ಸುಮ್ನೆ ಬೈದು ಕಳಿಸಲಿಲ್ಲ. ಕೋಶಗಳಿಗೆ ಅಣು ಹಾಕಿ, ಡಿಎನ್ಎಗೆ ಸ್ವಲ್ಪ ಗಾಯ ಮಾಡಿ, ಕ್ರೊಮ್ಯಾಟಿನ್ (ಡಿಎನ್ಎ ಮತ್ತು ಅದಕ್ಕೆ ಅಂಟಿದ ಪ್ರೋಟೀನ್‌ಗಳು) ಬೇರ್ಪಡಿಸಿ, ಅದರಲ್ಲಿ ಪಾರ್ಪ್1 ಎಷ್ಟಿದೆ ಅಂತ ಬ್ಲಾಟ್ ಮಾಡಿ ನೋಡು ಅಂದೆ. ವಾರದ ಮೇಲೆ ಫಿಲ್ಮ್ ಹಿಡಿದು ಬಂದ. ಒಂಬತ್ತರಲ್ಲಿ ಪಾರ್ಪ್1 ಗೆರೆ ಮಸುಕು, ಎರಡರಲ್ಲಿ ಕಪ್ಪಗೆ, ಅಂದರೆ ಲಾರಿ ಡಿಎನ್ಎ ಮೇಲೇ ನಿಂತಿದೆ. ಆ ಎರಡರಲ್ಲಿ ಒಂದನ್ನು ನೀರಲ್ಲಿ ಕರಗುವುದಿಲ್ಲ ಅಂತ ಅವನೇ ಪಟ್ಟಿಯ ಕೊನೆಗೆ ತಳ್ಳಿದ್ದ. ಈಗ ಇಬ್ಬರೂ ಅದನ್ನು ಕರಗಿಸುವ ದಾರಿ ಹುಡುಕುತ್ತಾ ಕೂತಿದ್ದೇವೆ.