ಟೇಬಲ್ ಮೇಲೆ ಮಲಗಿದವರ ಕಿವಿ

ಸಿಸೇರಿಯನ್ ನಡೆದಿತ್ತು. ಜೇವರ್ಗಿ ಕಡೆಯ ಹೆಣ್ಣುಮಗಳು, ಚೊಚ್ಚಲ ಹೆರಿಗೆ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆಲ್ಲ ಜೋಮು ಹಿಡಿಸಿದ್ದೆ, ಆಕೆಗೆ ಪೂರ್ತಿ ಎಚ್ಚರ. ಮುಖದ ಮುಂದೆ ಹಸಿರು ಬಟ್ಟೆಯ ಪರದೆ, ಆ ಕಡೆ ಸರ್ಜನ್, ಈ ಕಡೆ ಆಕೆಯ ತಲೆಯ ಹತ್ತಿರ ನಾನು. ಬೆರಳಿಗೆ ಹಾಕಿದ್ದ ಆಕ್ಸಿಜನ್ ನೋಡುವ ಕ್ಲಿಪ್ ಅದೇ ಹೊತ್ತಿಗೆ ಜಾರಿತು. ಮಾನಿಟರಿನಲ್ಲಿ ಏರಿಳಿಯುತ್ತಿದ್ದ ಗೆರೆ ಸಪಾಟಾಗಿ ಅಲಾರಂ ಬಡಿದುಕೊಂಡಿತು. 'ಅಯ್ಯ, ಹೋಯ್ತಲ್ಲ' ಅಂದೆ. ಕ್ಲಿಪ್ಪನ್ನು ಮತ್ತೆ ಬೆರಳಿಗೆ ಸಿಕ್ಕಿಸಿದೆ, ಗೆರೆ ಬಂತು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು, ಎಲ್ಲ ಸುಸೂತ್ರ ಮುಗಿಯಿತು. ನಾನು ಆ ಮಾತನ್ನು ಮರೆತೂಬಿಟ್ಟೆ.

ಮೂರನೆಯ ದಿನ ವಾರ್ಡಿನಲ್ಲಿ ಆಕೆ ಕೇಳಿದಳು. 'ಮೇಡಮ್ರಿ, ಅವತ್ತ ನೀವು ಹೋಯ್ತು ಅಂದ್ರಲ್ಲ, ನನ್ನ ಕೂಸು ಹೋಯ್ತಂತ ತಿಳ್ಕೊಂಡೆ. ಬಾಯಿ ಒಣಗಿ ಕೇಳ್ಲಾಕೂ ಆಗಲಿಲ್ರಿ. ಆಮ್ಯಾಗ ಕೂಸಿನ ದನಿ ಬಂದ್ರ, ಅದು ಬಾಜೂ ರೂಮಿಂದು ಅನ್ಕೊಂಡೆ.'

ಕನ್ನಡದಲ್ಲಿ ಕ್ಲಿಪ್ಪೂ 'ಅದು', ಗೆರೆಯೂ 'ಅದು', ಕೂಸೂ 'ಅದು'. ಮೂರಕ್ಕೂ 'ಹೋಯ್ತು' ಒಂದೇ. ಕರೆಂಟ್ ಹೋಯ್ತು, ಬಸ್ ಹೋಯ್ತು, ಜೀವ ಹೋಯ್ತು ಎಂದು ದಿನವೂ ಅನ್ನುತ್ತೇವೆ, ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಹೊಟ್ಟೆ ಕೊಯ್ಸಿಕೊಳ್ಳುತ್ತ ಮಲಗಿದವಳಿಗೆ ಇರುವ ಸಂದರ್ಭ ಒಂದೇ, ಅವಳ ಕೂಸು. ಆ ಸಂಜೆ ಚಾರ್ಟ್ ತೆಗೆದು ನೋಡಿದೆ. ಅದೇ ಹೊತ್ತಿಗೆ ಆಕೆಯ ಎದೆಬಡಿತ 90ರಿಂದ 130ಕ್ಕೆ ಏರಿದ್ದನ್ನು ನಾನೇ ಬರೆದಿದ್ದೆ. ಗರ್ಭಕೋಶ ಬಿಗಿಯಲು ಕೊಡುವ ಆಕ್ಸಿಟೋಸಿನ್ ಎದೆಬಡಿತ ಏರಿಸುತ್ತದೆ, ಅದರ ಪರಿಣಾಮವಿರಬೇಕು ಎಂದುಕೊಂಡಿದ್ದೆ. ಆಕ್ಸಿಟೋಸಿನ್ ಕೊಟ್ಟ ಸಮಯ ನೋಡಿದರೆ ಅದು ಆಮೇಲಿನದು. ಅಷ್ಟು ಏರಿಸಿದ್ದು ನನ್ನ ಮಾತು.

ಅರಿವಳಿಕೆ ತಜ್ಞೆಯಾಗಿ ಕಲಬುರಗಿಯಲ್ಲಿ ಬಹಳ ವರ್ಷ ಕಳೆದಿದ್ದೇನೆ. ಔಷಧ ಅಳೆಯುವುದರಲ್ಲಿ ನಾವು ಬಹಳ ಕಟ್ಟುನಿಟ್ಟು. ಬೆನ್ನಿಗೆ ಹಾಕುವ ಬುಪಿವಕೇನ್ ಸುಮಾರು 2 ಮಿ.ಲೀ., ಅದರಲ್ಲಿ ಕಾಲು ಮಿ.ಲೀ. ಹೆಚ್ಚಾಯಿತೇ ಎಂದು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಅದೇ ಸೂಜಿ ಹಿಡಿದು ಆಡುವ ಮಾತಿಗೆ ಅಳತೆಯೇ ಇಲ್ಲ. ನನಗೆ ಕಲಿಸಿದವರು ಮಾತಿನ ಬಗ್ಗೆ ಕಲಿಸಲಿಲ್ಲ, ಅವರಿಗೂ ಯಾರೂ ಕಲಿಸಿರಲಿಲ್ಲ. ದೊಡ್ಡವರು ಅಂದದ್ದನ್ನು ಕೇಳಿ ನಾವೂ ಅಂದೆವು. ಸೂಜಿ ಚುಚ್ಚುವ ಮೊದಲು ನಾನು ಎಷ್ಟೋ ವರ್ಷ ಹೇಳುತ್ತಿದ್ದದ್ದು ಇದು: 'ಇರುವಿ ಕಡದಂಗ ಆಗ್ತದ, ಜರಾ ತಡ್ಕೋ.'

ಇರುವೆಯ ಬದಲು ಜೇನುಹುಳ ಹಾಕಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಅಧ್ಯಯನ. ಬೆನ್ನಿಗೆ ಅರಿವಳಿಕೆ ಪಡೆಯಬೇಕಿದ್ದ 140 ಗರ್ಭಿಣಿಯರನ್ನು ಎರಡು ಗುಂಪು ಮಾಡಿದರು. ಚರ್ಮಕ್ಕೆ ಹಾಕುವ ಮೊದಲ ಸಣ್ಣ ಇಂಜೆಕ್ಷನ್ ಹೊತ್ತಿಗೆ ಒಂದು ಗುಂಪಿಗೆ, ಆ ಜಾಗ ಜೋಮು ಹಿಡಿಯುವ ಮದ್ದು ಕೊಡುತ್ತೇವೆ, ಆಮೇಲೆ ನಿಮಗೆ ಆರಾಮವಿರುತ್ತದೆ ಎಂದರು. ಇನ್ನೊಂದು ಗುಂಪಿಗೆ, ದೊಡ್ಡ ಜೇನುಹುಳ ಕಡಿದ ಹಾಗಾಗುತ್ತದೆ, ಇಡೀ ಕೆಲಸದಲ್ಲಿ ಕಷ್ಟದ್ದು ಇದೇ ಎಂದರು. ಮದ್ದೂ ವಿಧಾನವೂ ಒಂದೇ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದಾಗ ಮೊದಲ ಗುಂಪಿನ ಮಧ್ಯಮ ಅಂಕ 3, ಎರಡನೆಯದರದು 5. ಚುಚ್ಚುವವರ ಒಳ್ಳೆಯ ಮನಸ್ಸೇ ಆ ಎರಡು ಅಂಕ ಸೇರಿಸಿತು. ಮೊದಲೇ ಹೇಳಿದರೆ ತಯಾರಾಗಿರುತ್ತಾರೆ ಎಂಬ ಕಾಳಜಿಯಿಂದಲೇ ನಾವೆಲ್ಲ ಹಾಗೆ ಹೇಳುವುದು.

ಇದಕ್ಕೆ ನೋಸಿಬೋ ಪರಿಣಾಮ ಎನ್ನುತ್ತಾರೆ. ಪ್ಲಸೀಬೋ ಎಂಬ ಲ್ಯಾಟಿನ್ ಮಾತಿಗೆ 'ಹಿತ ಮಾಡುತ್ತೇನೆ' ಎಂಬ ಅರ್ಥವಾದರೆ ನೋಸಿಬೋ ಅಂದರೆ 'ಕೇಡು ಮಾಡುತ್ತೇನೆ'. ಇದೆಲ್ಲ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವವರು ನಮ್ಮ ವೈದ್ಯರಲ್ಲೇ ಇದ್ದಾರೆ. ಅವರಿಗಾಗಿ ಎರಡು ಸಂಗತಿ. 1978ರಲ್ಲಿ ಅಮೆರಿಕದ ಸಂಶೋಧಕರು ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧವೇ ಇಲ್ಲದ ಇಂಜೆಕ್ಷನ್ ಕೊಟ್ಟರು, ಕೆಲವರ ನೋವು ಇಳಿಯಿತು. ಅಂಥವರಿಗೆ ಅಫೀಮಿನ ಜಾತಿಯ ಮದ್ದುಗಳ ಪರಿಣಾಮ ಮುರಿಯುವ ನ್ಯಾಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ಮೆದುಳಿನೊಳಗೇ ನೋವು ತಗ್ಗಿಸುವ ರಸ ಸ್ರವಿಸಿತ್ತು. 1997ರಲ್ಲಿ ಇಟಲಿಯವರು ಎದೆಯ ಆಪರೇಷನ್ ಆದವರಿಗೆ ಬರೀ ಉಪ್ಪುನೀರು ಕೊಟ್ಟು, ಇದರಿಂದ ಸ್ವಲ್ಪ ಹೊತ್ತು ನೋವು ಹೆಚ್ಚುತ್ತದೆ ಎಂದರು. ಹೆಚ್ಚಿತು. ಮೆದುಳಿನಲ್ಲಿ ಆತಂಕವನ್ನು ನೋವಾಗಿ ತಿರುಗಿಸುವ ಕೊಲಿಸಿಸ್ಟೋಕೈನಿನ್ ಎಂಬ ರಾಸಾಯನಿಕವನ್ನು ತಡೆಯುವ ಮದ್ದು ಕೊಟ್ಟವರಲ್ಲಿ ಹೆಚ್ಚಲಿಲ್ಲ. ಹಿತದ ಮಾತಿಗೊಂದು ದಾರಿ, ಕೇಡಿನ ಮಾತಿಗೊಂದು ದಾರಿ, ಎರಡೂ ನಮ್ಮ ನರಗಳಲ್ಲೇ ಇವೆ.

ಇನ್ನು ನಾವು ಧೈರ್ಯ ತುಂಬುವ ರೀತಿ. 'ಅಂಜಬ್ಯಾಡ, ಏನೂ ನೋಯಂಗಿಲ್ಲ, ಬ್ಯಾನಿ ಆಗಂಗಿಲ್ಲ.' ಇದು ಒಳ್ಳೆಯ ಮಾತು ಎಂದೇ ನಾನು ನಂಬಿದ್ದೆ. ಈಗ ನಂಬುವುದಿಲ್ಲ. ನಮ್ಮ ಭಾಷೆಯಲ್ಲಿ 'ಇಲ್ಲ'ವೂ 'ಬ್ಯಾಡ'ವೂ ಬಾಲದಲ್ಲಿ ಬರುತ್ತವೆ. ಹೆದರಿದವರ ಕಿವಿಗೆ ಮೊದಲು ಬೀಳುವುದು 'ಅಂಜ', 'ನೋಯ', 'ಬ್ಯಾನಿ'. ಮೂರು ವಾಕ್ಯದಲ್ಲಿ ಮೂರು ಸಲ ನೋವು, ಹೆದರಿಕೆ ನೆನಪಿಸಿ ಬಾಲದಲ್ಲಿ ಇಲ್ಲವೆಂದರೆ, ಬಾಲ ಬರುವಷ್ಟರಲ್ಲಿ ಹೆಗಲು ಬಿಗಿದಿರುತ್ತದೆ. ಹೆಗಲು ಬಿಗಿಯುವುದು ನನಗೆ ಕಣ್ಣಿಗೇ ಕಾಣುತ್ತದೆ, ಬೆನ್ನು ನನ್ನ ಮುಂದೆಯೇ ಇರುತ್ತದಲ್ಲ. ಬೆನ್ನು ಬಿಗಿದರೆ ಮೂಳೆಗಳ ನಡುವಿನ ಸಂದು ಸಿಗುವುದಿಲ್ಲ, ಎರಡು ಸಲ ಮೂರು ಸಲ ಚುಚ್ಚಬೇಕಾಗುತ್ತದೆ, ಕೊನೆಗೆ ನೋಯದು ಎಂದ ನಾನೇ ನೋಯಿಸಿರುತ್ತೇನೆ. 2005ರ ಇನ್ನೊಂದು ಅಧ್ಯಯನ ಚಿಕಿತ್ಸೆಯ ವಿಡಿಯೊಗಳನ್ನು ನೋಡಿ ಇಂಥದ್ದನ್ನೇ ತೋರಿಸಿತು. ಚಿಕಿತ್ಸೆಗೆ ಮುಂಚೆ ನೋವಿನ ಮಾತಿನಲ್ಲಿ ಎಚ್ಚರಿಸಿದವರ ನೋವೂ ಆತಂಕವೂ ಏರಿದ್ದವು. ಆದ ಮೇಲೆ ನೋವಿನ ಮಾತಿನಲ್ಲೇ ಮರುಗಿದರೂ ಆತಂಕ ಏರಿತ್ತು.

ಹಾಗಾದರೆ ಏನು ಹೇಳುವುದು? ಏನು ಮಾಡುತ್ತಿದ್ದೇನೆ, ಅವರೇನು ಮಾಡಬೇಕು, ಅಷ್ಟನ್ನು. ಬೆನ್ನು ಸರಿಯಾಗಿ ಬಾಗಿಸುವುದೇ ದೊಡ್ಡ ಕೆಲಸ. ಪಠ್ಯದಲ್ಲಿ ಏನೇನೋ ಹೋಲಿಕೆಗಳಿವೆ, ಬೆಕ್ಕಿನ ಬೆನ್ನಿನ ಹಾಗೆ ಎಂದೆಲ್ಲ. ಚಿಂಚೋಳಿಯ ಒಬ್ಬ ಅಜ್ಜಿಗೆ ಕಾಲಿನ ಆಪರೇಷನ್ ಇತ್ತು, ಎಷ್ಟು ಹೇಳಿದರೂ ಬಾಗವಲ್ಲಳು. ಕಡೆಗೆ ಸಿಸ್ಟರ್ ಒಬ್ಬರು ಅಂದರು: 'ಯವ್ವಾ, ರೊಟ್ಟಿ ಬಡಿಲಾಕ ಕೂತಾಗ ಹ್ಯಾಂಗ ಬಾಗ್ತಿ, ಹಾಂಗ ಬಾಗು. ಹಿಟ್ಟು ಮುಂದ ಅದ ಅನ್ಕೋ.' ಅಜ್ಜಿಯ ಎರಡೂ ಕೈ ತಾವಾಗಿ ಮುಂದಕ್ಕೆ ಬಂದವು, ಗದ್ದ ಎದೆಗಿಳಿಯಿತು, ಬೆನ್ನು ಬಿಲ್ಲಾಯಿತು. ಒಂದೇ ಸಲಕ್ಕೆ ಸೂಜಿ ಹೋಯಿತು. ಅರವತ್ತು ವರ್ಷ ದಿನಾ ರೊಟ್ಟಿ ಬಡಿದ ಮೈಗೆ ಆ ಮಾತು ಗೊತ್ತಿತ್ತು. ಅಂದಿನಿಂದ ನಾನೂ ಅದನ್ನೇ ಹೇಳುತ್ತೇನೆ. ಆಮೇಲೆ: 'ಈಗ ಬೆನ್ನಿಗೆ ತಂಪು ಹತ್ತತದ, ಸ್ಪಿರಿಟ್ ಹಚ್ಲತ್ತೀನಿ. ಈಗ ಜೋಮು ಹಿಡಿಯೋ ಮದ್ದು. ಉಸಿರು ಮೆಲ್ಲಕ ಬಿಡು. ಕಾಲು ಬೆಚ್ಚಗ ಆಗ್ತಾವ, ಆಮ್ಯಾಗ ಭಾರ ಆಗ್ತಾವ, ಅದು ಮದ್ದು ಹತ್ತಿದ ಗುರುತು.' ಕಾಲು ಭಾರವಾಗುವುದನ್ನು ಮೊದಲೇ ಹೀಗೆ ಹೇಳದಿದ್ದರೆ ಲಕ್ವಾ ಹೊಡೆಯಿತೆಂದು ಗಾಬರಿಯಾಗುವವರನ್ನು ಕಂಡಿದ್ದೇನೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು. ಒಂದೇ ವಾರ್ಡಿನಲ್ಲಿ ಕನ್ನಡ, ದಖ್ಖನಿ ಉರ್ದು, ಸೇಡಂ ಕಡೆಯ ತೆಲುಗು, ಆಳಂದ ಕಡೆಯ ಮರಾಠಿ, ತಾಂಡಾದ ಲಂಬಾಣಿ ಇರುತ್ತವೆ. ನಾನು ಜೋಪಾನವಾಗಿ ಆರಿಸಿದ ಮಾತು ಪಕ್ಕದಲ್ಲಿದ್ದವರ ಬಾಯಲ್ಲಿ ಹಾದು ಹೋಗುತ್ತದೆ. 'ತಂಪು ಹತ್ತತದ' ಅಂದರೆ ಆಯಾ ಉರ್ದುವಿನಲ್ಲಿ 'ಜರಾ ದುಖೇಗಾ, ಡರೋ ನಕ್ಕೋ' ಅನ್ನುತ್ತಾಳೆ, ಅಂದರೆ ಸ್ವಲ್ಪ ನೋಯುತ್ತದೆ, ಅಂಜಬೇಡ ಎಂದು. ಅವಳದು ತಪ್ಪಲ್ಲ, ಪ್ರೀತಿಯಿಂದಲೇ ಸೇರಿಸಿದ್ದು. ಆದ್ದರಿಂದ ರೋಗಿ ಬರುವ ಮೊದಲೇ ಆಯಾ, ಸಿಸ್ಟರ್, ವಾರ್ಡ್ ಬಾಯ್ ಎಲ್ಲರನ್ನೂ ನಿಲ್ಲಿಸಿ ಯಾವ ಮಾತು ಆಡುವುದು ಎಂದು ಹೇಳಿಡುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಐದು ನಿಮಿಷದ ಕೆಲಸ.

ಆಪರೇಷನ್ ಥಿಯೇಟರಿನ ಹೊರಗಿನ ಮಾತು ಇನ್ನೂ ಗಟ್ಟಿ. 'ಬೆನ್ನಿಗೆ ಸೂಜಿ ಹಾಕಿಸ್ಕೊಂಡ್ರ ಜನ್ಮಪೂರ್ತಿ ಬೆನ್ನು ನೋಯ್ತದ.' ಈ ಮಾತು ಕೇಳದೆ ನನ್ನ ಟೇಬಲ್ಲಿಗೆ ಬಂದ ಬಸುರಿಯೇ ಅಪರೂಪ. ಅತ್ತೆ ಹೇಳಿರುತ್ತಾಳೆ, ನೆಗೆಣ್ಣಿ ಹೇಳಿರುತ್ತಾಳೆ. ಬೆನ್ನುನೋವು ಸುಳ್ಳಲ್ಲ. ಬಸುರಿನ ಭಾರಕ್ಕೆ ಸೊಂಟದ ಕಟ್ಟು ಸಡಿಲವಾಗಿರುತ್ತದೆ, ಆಮೇಲೆ ಕೂಸನ್ನು ಕಂಕುಳಲ್ಲಿ ಹೊರುವುದು, ಬಗ್ಗಿ ಹಾಲುಣಿಸುವುದು, ತಿಂಗಳೊಳಗೆ ನೀರಿನ ಕೊಡ. ಸೂಜಿ ಇಲ್ಲದೆ ಹಡೆದವರಿಗೂ ಬೆನ್ನು ನೋಯುತ್ತದೆ. ಹೆರಿಗೆ ನೋವಿಗೆ ಬೆನ್ನಿಗೆ ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾವು ಬಳಸುವ 25 ಗೇಜ್ ಸೂಜಿಯ ದಪ್ಪ ಸುಮಾರು ಅರ್ಧ ಮಿ.ಮೀ. ಚುಚ್ಚಿದ ಜಾಗ ಒಂದೆರಡು ದಿನ ಕುಟುಕಬಹುದು. ಅದು ಮಾಯುತ್ತದೆ, ಅತ್ತೆಯ ಮಾತು ಮಾಯುವುದಿಲ್ಲ. ವರ್ಷದ ಮೇಲೆ ನೋವು ಬಂದಾಗ ಸೊಸೆಯ ಕೈ ನೇರ ಹೋಗುವುದು ಸೂಜಿ ಹಾಕಿದ ಜಾಗಕ್ಕೆ. ಮಾಡಬೇಕಾದ ವ್ಯಾಯಾಮ ಬಿಟ್ಟು, ಸೂಜಿಯ ಪಾಲು ಎಂದು ಸುಮ್ಮನೆ ಸಹಿಸುತ್ತಾಳೆ. ನನಗೆ ಬೇಸರವಾಗುವುದು ಇಲ್ಲಿ.

ಹಾಗೆಂದು ತೊಂದರೆಗಳನ್ನು ಮುಚ್ಚಿಡಬೇಕೆ? ಕೂಡದು. ಸಹಿ ಹಾಕುವವರಿಗೆ ತಿಳಿಯುವ ಹಕ್ಕಿದೆ, ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ನನ್ನ ಯಾವ ಮಾತನ್ನೂ ಅವರು ನಂಬುವುದಿಲ್ಲ. ಹೇಳುವ ಬಗೆ ಇದೆ. 'ಇದರಿಂದ ತಲಿನೋವು ಬರ್ತದ' ಎಂದರೂ ಒಂದು. 'ಪೆನ್ಸಿಲ್ ತುದಿಯಂಥ ಸಣ್ಣ ಸೂಜಿ ಇದು, ನೂರು ಮಂದ್ಯಾಗ ಹೆಚ್ಚುಕಡಿಮಿ 99 ಮಂದಿಗಿ ಏನೂ ಆಗಂಗಿಲ್ಲ. ಎದ್ದು ಕೂತಾಗ ತಲಿ ಹಿಡಿದ್ರ ನನಗ ಹೇಳ್ರಿ, ಅದಕ್ಕ ಮದ್ದದ' ಎಂದರೂ ಒಂದು. ಎರಡೂ ಸತ್ಯವೇ. ಎರಡನೆಯದು ಸತ್ಯದ ಜೊತೆ ದಾರಿಯನ್ನೂ ಕೊಡುತ್ತದೆ.

ಪೂರ್ತಿ ನಿದ್ದೆ ಬರಿಸಿದಾಗಲೂ ನಾಲಿಗೆ ಹಿಡಿತದಲ್ಲಿರಬೇಕು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯ ಪ್ರಕಾರ, ಪೂರ್ಣ ಅರಿವಳಿಕೆ ಪಡೆದ ಸುಮಾರು 19,000 ಮಂದಿಯಲ್ಲಿ ಒಬ್ಬರು ನಡುವೆ ಎಚ್ಚರವಾಗಿದ್ದನ್ನು ಆಮೇಲೆ ಹೇಳಿದ್ದರು, ಸಿಸೇರಿಯನ್‌ನಲ್ಲಿ ಸುಮಾರು 670ಕ್ಕೆ ಒಬ್ಬರು. ಕೈಕಾಲು ಆಡದ ಆ ಹೊತ್ತಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿದವರಿಗೆ, ಯಾರಾದರೂ ಸಮಾಧಾನ ಹೇಳಿದ್ದು ಕೇಳಿಸಿದವರಿಗೆ ಮುಂದಿನ ಮನೋವ್ಯಥೆ ಕಡಿಮೆ ಎಂದು ಅದೇ ವರದಿ ಗುರುತಿಸಿತು. ಅದನ್ನು ಓದಿದ ಮೇಲೆ ಮಲಗಿದವರ ತಲೆಯ ಹತ್ತಿರ ನಾನು ದಢೂತಿ, ಮುದುಕಿ, ಕೇಸ್ ಎಂಬ ಮಾತು ಆಡಗೊಡುವುದಿಲ್ಲ. ನೋವಿನ ಮದ್ದು ಡ್ರಿಪ್ಪಿನಲ್ಲಿ ಬಿಡುವಾಗಲೂ ಹೇಳಿಯೇ ಬಿಡುತ್ತೇನೆ. ಹೇಳದೆ ಯಂತ್ರದಿಂದ ಗುಟ್ಟಾಗಿ ಕೊಟ್ಟಾಗ, ನೋವು ಅರ್ಧಕ್ಕಿಳಿಯಲು ಹೆಚ್ಚು ಮದ್ದು ಬೇಕಾಗುತ್ತದೆ ಎಂದು 2001ರಲ್ಲೇ ಇಟಲಿಯವರು ತೋರಿಸಿದ್ದಾರೆ. ಒಂದು ವಾಕ್ಯಕ್ಕೆ ಖರ್ಚೇನಿಲ್ಲ.

ಮಾತು ಅರಿವಳಿಕೆಯ ಬದಲಿಗೆ ಬರುವ ವಸ್ತುವಲ್ಲ, ಇದನ್ನೂ ಗಟ್ಟಿಯಾಗಿ ಹೇಳಬೇಕು. ಟೇಬಲ್ ಮೇಲಿನವಳು ನೋಯ್ಲತ್ತದ ಅಂದರೆ ನೋಯುತ್ತಿದೆ. 'ನಿನಗ ಹಂಗ ಅನಸ್ತದ ಅಷ್ಟ' ಎಂದು ಸಿಹಿಯಾಗಿ ಅಂದರೂ ಅದು ಕ್ರೌರ್ಯ, ಆಗ ಮದ್ದು ಹೆಚ್ಚಿಸಬೇಕು. ಹೆರಿಗೆ ಕೋಣೆಯಲ್ಲಿ ಬೈಯುವುದಂತೂ ಬೇರೆಯೇ ಪಾಪ. 'ನೀ ಒಬ್ಬಾಕಿನೇ ಹಡಿಲತ್ತಿ ಏನ, ಬಾಯಿ ಮುಚ್ಚು' ಎಂಬುದನ್ನು ನನ್ನ ತರಬೇತಿಯ ದಿನಗಳಲ್ಲಿ ಕೇಳಿ ಸುಮ್ಮನಿದ್ದೆ, ಇಂದಿಗೂ ಆ ಸುಮ್ಮನಿದ್ದದ್ದು ನನ್ನನ್ನು ಬಿಟ್ಟಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಅವಮಾನ ನಿಲ್ಲಬೇಕೆಂದು ಹೇಳಿಕೆ ಹೊರಡಿಸಿತು. 2017ರಲ್ಲಿ ನಮ್ಮ ಕೇಂದ್ರ ಸರ್ಕಾರ ತಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಗೌರವದ ಆರೈಕೆಯನ್ನು ಗುಣಮಟ್ಟದ ಭಾಗವಾಗಿಯೇ ಎಣಿಸುತ್ತದೆ. ನಿಮ್ಮ ಮನೆಯವರಿಗೆ ಯಾರಾದರೂ ಹಾಗೆ ಅಂದರೆ ದೊಡ್ಡ ವೈದ್ಯರಿಗೆ ಹೇಳಿ. ಅದು ಸಣ್ಣ ದೂರಲ್ಲ.

ಮನೆಯವರಿಗೆ ನಾನು ಕೇಳಿಕೊಳ್ಳುವುದು ಒಂದಿದೆ. ಸ್ಟ್ರೆಚರ್ ಒಳಗೆ ಹೋಗುವಾಗ ಬಾಗಿಲಲ್ಲಿ ಅಳುತ್ತ 'ಏನಾಗ್ತದೋ ಏನೋ' ಎನ್ನಬೇಡಿ. ಶರಣಬಸಪ್ಪನನ್ನೋ ಬಂದೇನವಾಜರನ್ನೋ ನೆನೆಯುವವರು ನೆನೆಯಲಿ, ಅದು ಹೆದರಿಸುವುದಿಲ್ಲ. ಮೊನ್ನೆ ಶಹಾಪುರ ಕಡೆಯ ಅತ್ತೆಯೊಬ್ಬರು ಸೊಸೆಯ ಕೈಬಳೆ ಬಿಚ್ಚಿ ತಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೇಳಿದರು: 'ನಾ ಇಲ್ಲೇ ಈ ಕಟ್ಟಿ ಮ್ಯಾಲ ಕೂತಿರ್ತೀನಿ. ನೀ ಹೊರಗ ಬಂದ ಮ್ಯಾಲ ಇವು ನಾನೇ ಹಾಕ್ತೀನಿ.' ಒಳಗೆ ಬಂದು ಮಾನಿಟರ್ ಹಚ್ಚಿದೆ. ಎದೆಬಡಿತ 84. 'ಮೇಡಮ್ರಿ, ಅತ್ತಿ ಹೊರಗ ಅದಾರಲ್ರಿ?' ಎಂದು ಕೇಳಿದಳು. 'ಅದಾರ, ಕಟ್ಟಿ ಮ್ಯಾಲೇ ಕೂತಾರ' ಅಂದೆ. ರೊಟ್ಟಿ ಬಡಿಯುವ ಹಾಗೆ ಬಾಗಿ ಕೂತಳು.