ಫಲಿತಾಂಶ ಮೊದಲೇ ಹೇಳಿಬಿಟ್ಟರೆ ಪ್ರಯೋಗ ಯಾಕೆ?

ಹವಾಮಾನ ಬದಲಾವಣೆಯ ಪಾಠ ಅಂದರೆ ಬಹಳಷ್ಟು ತರಗತಿಗಳಲ್ಲಿ ಒಂದು ಪೋಸ್ಟರ್, ಒಂದು ಪ್ರತಿಜ್ಞೆ, ಅಷ್ಟೇ. ಉತ್ಸಾಹಿ ಶಿಕ್ಷಕರಾದರೆ ಒಂದು ಪ್ರಯೋಗವನ್ನೂ ಮಾಡಿಸುತ್ತಾರೆ. ಆದರೆ ಏನು ಕಾಣಬೇಕು ಎಂದು ಮೊದಲೇ ಹೇಳಿಬಿಟ್ಟಿರುತ್ತಾರೆ. ಆಮೇಲೆ ಮಕ್ಕಳಿಗೆ ಯೋಚಿಸಲು ಉಳಿಯುವುದಾದರೂ ಏನು?

ಶಿಕ್ಷಕರ ತರಬೇತಿಯಲ್ಲಿ ನಾನು ಮೊದಲು ಮಾಡಿಸುವುದು ಮಂಜುಗಡ್ಡೆಯ ಪ್ರಯೋಗ. ಒಂದು ಲೋಟದ ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿರಲಿ. ಇನ್ನೊಂದರಲ್ಲಿ ನೀರಿನಿಂದ ಮೇಲೆದ್ದ ಕಲ್ಲಿನ ಮೇಲೆ ಮಂಜುಗಡ್ಡೆ ಇರಲಿ. ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಕರಗಿದಾಗ ಯಾವ ಲೋಟದ ನೀರು ಏರುತ್ತದೆ, ಯಾಕೆ ಎಂದು ಪ್ರತಿ ಮಗುವೂ ಬರೆದಿಡಬೇಕು. ಬರೆಸುವುದು ಮುಖ್ಯ. ಬಾಯಲ್ಲಿ ಕೇಳಿದರೆ ಕೊನೆಗೆ ಎಲ್ಲರೂ ‘ನಾನೂ ಹಾಗೇ ಅಂದುಕೊಂಡಿದ್ದೆ’ ಅನ್ನುತ್ತಾರೆ!

ಎರಡೂ ಏರುತ್ತವೆ ಎಂದು ಬರೆಯುವವರೇ ಜಾಸ್ತಿ. ತೇಲುವ ಮಂಜು ಪೂರ್ತಿ ಕರಗಿಯೂ ಗೆರೆ ದಾಟದಿದ್ದಾಗ ವಾದ ಶುರುವಾಗುತ್ತದೆ. ಆರ್ಕ್ಟಿಕ್ ಸಾಗರದ ತೇಲುವ ಹಿಮ, ಗ್ರೀನ್‌ಲ್ಯಾಂಡಿನ ನೆಲದ ಮೇಲಿನ ಹಿಮ, ಇವೆರಡರ ವ್ಯತ್ಯಾಸ ಹೇಳಲು ಅದೇ ಸರಿಯಾದ ಹೊತ್ತು. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 7 ಮೀಟರ್ ಏರುತ್ತದೆ. ಅಷ್ಟು ಕರಗಲು ಶತಮಾನಗಳೇ ಬೇಕು ಅನ್ನುವುದನ್ನೂ ಹೇಳಿ, ಸುಮ್ನೆ ಹೆದರಿಸಬೇಡಿ. ‘ಹಾಗಾದರೆ ತೇಲುವ ಹಿಮ ಕರಗಿದರೆ ತೊಂದರೆ ಇಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುವ ಬದಲು ಬಿಳಿ ಹಾಳೆ, ಕಪ್ಪು ಹಾಳೆಗಳ ಕೆಳಗೆ ಒಂದೊಂದು ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಕಳಿಸಿ. ಬಿಳಿ ಹಾಳೆ ಹಿಮದಂತೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಹಾಳೆ ಹಿಮ ಕರಗಿದ ಮೇಲಿನ ಕಡುಬಣ್ಣದ ಸಮುದ್ರದಂತೆ ಹೀರುತ್ತದೆ.

ಬಾಟಲಿ ಪ್ರಯೋಗದ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಪಡೆದ ಇಂಗಾಲದ ಡೈಆಕ್ಸೈಡ್. ದೀಪದ ಕೆಳಗಿಟ್ಟರೆ ಎರಡನೆಯದು ಹೆಚ್ಚು ಬಿಸಿಯಾಗುತ್ತದೆ. ಹಸಿರುಮನೆ ಪರಿಣಾಮ, ಅಂದರೆ ಗಾಳಿಯ ಕೆಲವು ಅನಿಲಗಳು ಶಾಖವನ್ನು ಹಿಡಿದಿಡುವುದು, ಸಾಬೀತಾಯಿತು ಎಂದು ಪಾಠ ಮುಗಿಸುತ್ತಾರೆ. ಆದರೆ ಇಲ್ಲಿ ಮುಖ್ಯ ಕಾರಣ ಅದಲ್ಲ. ಈ ಅನಿಲ ಗಾಳಿಗಿಂತ ಭಾರ. ಮೇಲಿನ ಗಾಳಿಯ ಜೊತೆ ಬೇಗ ಬೆರೆಯುವುದಿಲ್ಲ, ಬಿಸಿ ಒಳಗೇ ಉಳಿಯುತ್ತದೆ. ಹಸಿರುಮನೆ ಅನಿಲವೇ ಅಲ್ಲದ ಆರ್ಗಾನ್ ತುಂಬಿದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅನಿಲಗಳು ಶಾಖದ ಕಿರಣಗಳನ್ನು ಹೀರುವುದನ್ನು ಭೌತವಿಜ್ಞಾನಿ ಜಾನ್ ಟಿಂಡಲ್ 1859ರಲ್ಲೇ ಅಳೆದಿದ್ದರು. ಅದಕ್ಕೆ ಅವರು ಬೇರೆಯೇ ಉಪಕರಣ ಕಟ್ಟಬೇಕಾಯಿತು. ಹಾಗಂತ ಬಾಟಲಿ ಎಸೆಯಬೇಕಿಲ್ಲ. ‘ಈ ಎರಡು ಬಾಟಲಿಗಳಲ್ಲಿ ಏನೇನು ವ್ಯತ್ಯಾಸವಿದೆ?’ ಎಂದು ಕೇಳಿ. ಒಂದರ ತಳ ಒದ್ದೆ, ಒಂದರ ಅನಿಲ ಭಾರ, ದೀಪದ ದೂರ ಒಂದೇ ಇಲ್ಲ. ಪಟ್ಟಿ ಬೆಳೆಯುತ್ತದೆ. ಒಂದೊಂದನ್ನೇ ಸರಿಪಡಿಸಿ ಮತ್ತೆ ಮಾಡಲಿ.

ದೊಡ್ಡ ತರಗತಿಗಳಿಗೆ ನನ್ನ ಮೆಚ್ಚಿನ ಸಾಧನ ಒಂದು ಗ್ರಾಫ್. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಶೀರ್ಷಿಕೆ ಮುಚ್ಚಿ ಕೊಡಿ. ಗೆರೆ ಗರಗಸದ ಹಲ್ಲಿನಂತಿದೆ: ಪ್ರತಿ ಮೇ ತಿಂಗಳ ಸುಮಾರಿಗೆ ತುದಿ, ಸೆಪ್ಟೆಂಬರ್ ಹೊತ್ತಿಗೆ ಇಳಿತ. ಯಾಕಿರಬಹುದು? ನೆಲ ಜಾಸ್ತಿ ಇರುವುದು ಉತ್ತರಾರ್ಧಗೋಳದಲ್ಲಿ, ಅಲ್ಲಿ ಬೇಸಿಗೆಯಲ್ಲಿ ಗಿಡಗಳು ಚಿಗುರಿ ಈ ಅನಿಲವನ್ನು ಹೀರುತ್ತವೆ. ನಕಾಶೆ ಕೈಲಿದ್ದರೆ ಮಕ್ಕಳು ಇಲ್ಲಿಯವರೆಗೆ ತಾವೇ ಬರುತ್ತಾರೆ. ಮುಂದಿನ ಪ್ರಶ್ನೆ ಗಟ್ಟಿ. ಗಿಡಗಳು ಪ್ರತಿ ವರ್ಷ ಹೀರಿದರೂ ಹತ್ತು ಲಕ್ಷ ಭಾಗಕ್ಕೆ 315ರಷ್ಟಿದ್ದದ್ದು 420 ದಾಟಿದ್ದು ಹೇಗೆ? ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಡುವ ಮಾತು ಇಲ್ಲಿ ಬಂದರೆ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ.

ಶಾಲೆಯಂಗಳದಲ್ಲಿ ಥರ್ಮಾಮೀಟರ್ ಇಟ್ಟು ದಿನವೂ ಬರೆಯಿಸುವುದೂ ಒಳ್ಳೆಯದೇ. ಆದರೆ ಒಂದು ವರ್ಷದ ಅಂಕಿ ನೋಡಿ ‘ಹವಾಗುಣ ಬದಲಾಗಿದೆ’ ಎಂದು ಬರೆದರೆ ಅಂಕ ಕೊಡಬೇಡಿ. ಅದಕ್ಕೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ನೋಡುತ್ತಾರೆ. ಹವಾಮಾನ ಕೇಂದ್ರದ ಹಳೆಯ ದಾಖಲೆ ತಂದು ಕೊಡಿ, ತಮ್ಮ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟು ಮಕ್ಕಳೇ ಹೋಲಿಸಲಿ.